ಒಲ್ಲೆ ಅಂದ ಹುಡುಗಿ ಮತ್ತು ಒಂದನೇ ದೇವರಾಯ

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುತ್ತೇವೆ, ಆಮೇಲೆ ರಾಜನ ಕಥೆಗೆ ಬರ್ತೀವಿ.

ಕಳೆದ ವರ್ಷ ನಮ್ಮ ಗುಂಪಿನ ಒಬ್ಬ ಗೆಳೆಯ ಒಬ್ಬ ಹುಡುಗಿಯನ್ನು ತುಂಬಾ ಇಷ್ಟಪಟ್ಟ. ಧೈರ್ಯ ಮಾಡಿ ಕೇಳಿದ. ಅವಳು ಇಲ್ಲ ಅಂದಳು. ಜಗಳವಿಲ್ಲ, ಅವಮಾನವಿಲ್ಲ, ಮರ್ಯಾದೆಯಿಂದ, ನೇರವಾಗಿ ಇಲ್ಲ ಅಂದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕಂದರೆ ನಾವಿದ್ದೆವು. ಬಿಡಬೇಡ ಮಗಾ, ಇನ್ನೊಂದು ಸಲ ಟ್ರೈ ಮಾಡು ಅಂದವರು ನಾವು. ಅವಳು ಯಾವ ಬಸ್ಸಿಗೆ ಬರುತ್ತಾಳೆ ಅಂತ ಪತ್ತೆ ಮಾಡಿ ಕೊಟ್ಟವರು ನಾವು. ಅವಳು ನಂಬರ್ ಬ್ಲಾಕ್ ಮಾಡಿದ ಮೇಲೆ ಅವನು ಹೊಸ ಸಿಮ್ ತಗೊಂಡಾಗ ನಕ್ಕು ಸುಮ್ಮನಾದವರೂ ನಾವೇ. ಒಂದು ದಿನ ಅವಳು ಬಸ್‌ಸ್ಟಾಪಿನಲ್ಲಿ ಇವನನ್ನು ನೋಡಿ, ಬರುತ್ತಿದ್ದ ಬಸ್ಸನ್ನು ಬಿಟ್ಟು ವಾಪಸ್ ನಡೆದುಹೋದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಅವನೂ ಊಟ ಮಾಡಲಿಲ್ಲ, ನಮಗೂ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವನನ್ನು ಒಬ್ಬನನ್ನೇ ಬಿಡೋದು ಬೇಡ ಅಂತ ನಾವು ನಾಲ್ಕು ಜನ ಅವನನ್ನು ಕರಕೊಂಡು ಕಾನಹೊಸಹಳ್ಳಿಗೆ ಹೋದೆವು. ನಮ್ಮಲ್ಲೊಬ್ಬನ ಅಜ್ಜಿಯ ಊರು ಅದು, ಕೂಡ್ಲಿಗಿ ತಾಲ್ಲೂಕು. ಮಳೆ ಕಡಿಮೆ, ಮಸಾರಿ ನೆಲ, ಶೇಂಗಾ ಮತ್ತು ಮೆಕ್ಕೆಜೋಳ. ಅಜ್ಜಿ ಬಿಸಿ ರೊಟ್ಟಿ ಹಾಕುತ್ತಾ ಇವನ ಸೊರಗಿದ ಮುಖ ನೋಡಿ ಏನೂ ಕೇಳಲಿಲ್ಲ. ಬೇರೆ ಯಾವುದೋ ಮಾತಿಗೆ ತಾತನ ಕಥೆ ತೆಗೆದಳು. ತಾತನಿಗೆ ಹೊಲದ ಒಂದು ಮೂಲೆ ಮೇಲೆ ಬಲು ಆಸೆಯಂತೆ. ಅಲ್ಲೇ ನೀರು ಬರಬೇಕು ಅಂತ ಮೂರು ಸಲ ಬೋರ್ ಹಾಕಿಸಿದನಂತೆ, ಮೂರು ಸಲವೂ ಬರೀ ಧೂಳು. ಸಾಲ ತೀರಿಸಲು ಎರಡು ಎತ್ತು ಹೋದವು, ಅಜ್ಜಿಯ ಕಿವಿಯ ಓಲೆ ಹೋಯಿತು. ಭೂಮಿತಾಯಿ ಇಲ್ಲ ಅಂದಮೇಲೆ ಇಲ್ಲ ಕಣಪ್ಪ, ಅದರಲ್ಲಿ ಅವಳದೇನು ತಪ್ಪು ಅಂತ ಹೇಳಿ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಕಾನಹೊಸಹಳ್ಳಿಯಿಂದ ಬಸ್ ಹತ್ತಿ, ಕೂಡ್ಲಿಗಿ ದಾಟಿ, ಹೊಸಪೇಟೆಗೆ ಹೋಗಿ ಹಂಪಿ ಸೇರಿದೆವು. ಹಂಪಿಯಲ್ಲಿ ಎಲ್ಲರೂ ಕೃಷ್ಣದೇವರಾಯನ ಮಾತಾಡುತ್ತಾರೆ. ನಾವು ಈ ಸಲ ಬೇರೊಬ್ಬ ರಾಯನನ್ನು ಹುಡುಕಿಕೊಂಡು ಹೋಗಿದ್ದೆವು. ಅವನಿಗೂ ಒಬ್ಬ ಹುಡುಗಿ ಇಲ್ಲ ಅಂದಿದ್ದಳು. ಅವನ ಹತ್ತಿರ ಹೊಸ ಸಿಮ್ ಇರಲಿಲ್ಲ, ಸೈನ್ಯ ಇತ್ತು.

ರಾಜನಾಗುವ ಮೊದಲು

ಅವನು ಒಂದನೇ ದೇವರಾಯ. ಹೆಸರು ಕೇಳಿದಾಗ ಪ್ರೌಢದೇವರಾಯ ಅಂದುಕೊಳ್ಳಬೇಡಿ. ಅವನು ಇವನ ಮೊಮ್ಮಗ. ಇವನು ಸಂಗಮ ವಂಶದವನು, ಎರಡನೇ ಹರಿಹರನ ಮಗ. ಯುವರಾಜನಾಗಿದ್ದಾಗ ಪೂರ್ವದ ಉದಯಗಿರಿ ಪ್ರಾಂತ್ಯದ ಆಡಳಿತ ನೋಡಿಕೊಳ್ಳುತ್ತಿದ್ದ. ರಾಜ್ಯ ಹೇಗೆ ನಡೆಯುತ್ತದೆ, ಕಂದಾಯ ಹೇಗೆ ಬರುತ್ತದೆ, ಬರ ಬಿದ್ದರೆ ಏನಾಗುತ್ತದೆ ಅನ್ನೋದನ್ನು ಅಲ್ಲೇ ಕಲಿತವನು.

1404ರಲ್ಲಿ ತಂದೆ ತೀರಿಕೊಂಡ. ಆಮೇಲೆ ಮನೆಯೊಳಗೇ ಜಗಳ. ಮೊದಲು ವಿರೂಪಾಕ್ಷ ಪಟ್ಟಕ್ಕೆ ಬಂದ, ಹೆಚ್ಚು ದಿನ ಉಳಿಯಲಿಲ್ಲ. ನಂತರ ಎರಡನೇ ಬುಕ್ಕ ಬಂದ, ಅವನ ಆಳ್ವಿಕೆಯೂ ಬೇಗ ಮುಗಿಯಿತು. ಕೊನೆಗೆ 1406ರ ನವೆಂಬರಿನಲ್ಲಿ ದೇವರಾಯನಿಗೆ ಪಟ್ಟವಾಯಿತು. ಎರಡು ವರ್ಷದಲ್ಲಿ ಮೂವರು ರಾಜರು ಅಂದರೆ ಆ ಅರಮನೆಯ ಸ್ಥಿತಿ ಹೇಗಿತ್ತು ಊಹಿಸಿಕೊಳ್ಳಿ. ಹಾಗೆ ಪಟ್ಟಕ್ಕೆ ಬಂದವನು ಮೊದಲು ಕುರ್ಚಿ ಗಟ್ಟಿ ಮಾಡಿಕೊಳ್ಳಬೇಕು. ಅದರಲ್ಲೂ ಉತ್ತರದಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾ ಕೂತಿದ್ದ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಫಲವತ್ತಾದ ನೆಲ, ರಾಯಚೂರು ದೋಆಬ್ ಅಂತೀವಲ್ಲ, ಅದಕ್ಕಾಗಿ ಎರಡೂ ರಾಜ್ಯಗಳು ಹುಟ್ಟಿದಾಗಿನಿಂದಲೂ ಹೊಡೆದಾಡುತ್ತಿದ್ದವು. ಮುದಗಲ್ಲು ಇರುವುದು ಆ ನೆಲದಲ್ಲೇ. ಇವತ್ತು ಅದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ಕೋಟೆಗೂ ಮೊಹರಮ್ಮಿಗೂ ಹೆಸರಾದ ಊರು. ಆಗ ಬಹಮನಿಯವರ ಕೈಯಲ್ಲಿತ್ತು.

ಕೇಳಿ ಹುಟ್ಟಿದ ಪ್ರೀತಿ

ಮುಂದಿನ ಕಥೆ ನಮಗೆ ಸಿಗುವುದು ಫೆರಿಷ್ತಾ ಎಂಬ ಚರಿತ್ರೆಕಾರನಿಂದ. ಅವನು ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿದ್ದವನು. ಘಟನೆ ನಡೆದು ಸುಮಾರು 200 ವರ್ಷಗಳ ಮೇಲೆ ಪಾರಸಿ ಭಾಷೆಯಲ್ಲಿ ಬರೆದ. ರಾಬರ್ಟ್ ಸಿವೆಲ್ 1900ರಲ್ಲಿ ವಿಜಯನಗರದ ಬಗ್ಗೆ ಪುಸ್ತಕ ಬರೆದಾಗ ಇದನ್ನು ವಿವರವಾಗಿ ಸೇರಿಸಿದ. ಫೆರಿಷ್ತಾ ತನ್ನ ಕಡೆಯ ಸುಲ್ತಾನರನ್ನು ಸ್ವಲ್ಪ ಎತ್ತಿ ಕಟ್ಟುತ್ತಾನೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಹುಡುಗಿ ಇಲ್ಲದಿದ್ದರೂ ದೋಆಬಿಗಾಗಿ ಯುದ್ಧ ಒಂದಲ್ಲ ಒಂದು ದಿನ ಆಗೇ ಆಗುತ್ತಿತ್ತು. ಆದರೆ ಅವನು ಬರೆದ ಮನುಷ್ಯನನ್ನು ನೋಡಿದರೆ ನಮ್ಮ ಹಾಸ್ಟೆಲ್ಲಿನ ಯಾರೋ ಒಬ್ಬನ ಹಾಗೇ ಇದ್ದಾನೆ.

ಮುದಗಲ್ಲಿನ ಹತ್ತಿರ ಒಬ್ಬ ಅಕ್ಕಸಾಲಿಗನಿದ್ದ. ಅವನ ಮಗಳು ಚೆಲುವೆ. ಫೆರಿಷ್ತಾನ ಅನುವಾದಗಳಲ್ಲಿ ಅವಳ ಹೆಸರು ಒಂದು ಕಡೆ ಪರ್ತಾಲ್ ಅಂತಲೂ ಇನ್ನೊಂದು ಕಡೆ ನೇಹಾಲ್ ಅಂತಲೂ ಇದೆ. ನಾವು ಪರ್ತಾಲ್ ಅಂತಲೇ ಕರೆಯೋಣ. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಒಬ್ಬ ಬ್ರಾಹ್ಮಣ ಆ ಮನೆಯಲ್ಲಿ ಉಳಿದುಕೊಂಡ. ಹುಡುಗಿಯ ಚುರುಕುತನ ನೋಡಿ ಅವಳಿಗೆ ಸಂಗೀತ ಕಲಿಸಿದ. ಒಂದೂವರೆ ವರ್ಷ ಕಲಿಸಿ, ಅಲ್ಲಿಂದ ವಿಜಯನಗರಕ್ಕೆ ಬಂದು ರಾಯನ ಮುಂದೆ ಅವಳ ರೂಪವನ್ನೂ ಗುಣವನ್ನೂ ವಿದ್ಯೆಯನ್ನೂ ಹೊಗಳಿದ.

ರಾಯ ಕೇಳಿದ. ಕೇಳಿ ಮರುಳಾದ.

ಇಲ್ಲಿ ಒಂದು ನಿಮಿಷ ನಿಲ್ಲಿ. ಅವನು ಅವಳನ್ನು ನೋಡಿಲ್ಲ. ಅವಳ ದನಿ ಕೇಳಿಲ್ಲ. ಅವಳ ಜೊತೆ ಒಂದು ಮಾತೂ ಆಡಿಲ್ಲ. ಯಾರೋ ಹೇಳಿದ್ದನ್ನು ಕೇಳಿ ತಲೆಯೊಳಗೆ ಒಬ್ಬ ಹುಡುಗಿಯನ್ನು ತಾನೇ ಕಟ್ಟಿಕೊಂಡ. ನಗಬೇಡಿ. ಡಿಪಿ ನೋಡಿ, ನಾಲ್ಕು ಸ್ಟೋರಿ ನೋಡಿ, ಲ್ಯಾಬಿನಲ್ಲಿ ಅವಳು ಒಂದು ಸಲ ರೆಕಾರ್ಡ್ ಬುಕ್ ಕೇಳಿದ್ದನ್ನು ನೆನೆದು ನಾವು ಕಟ್ಟಿಕೊಳ್ಳೋದು ಇದಕ್ಕಿಂತ ಬೇರೆ ಏನು? ಇನ್ನೊಂದು ಮಾತು. ರಾಯ ಹದಿನೆಂಟರ ಹುಡುಗ ಅಲ್ಲ. ಅವನ ಮಗಳೇ ಮದುವೆ ವಯಸ್ಸಿಗೆ ಬಂದಿದ್ದಳು. ಹಾಗಾಗಿ ವಯಸ್ಸಾದ ಮೇಲೆ ಈ ನೋವು ತಾನಾಗೇ ವಾಸಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ರಾಯ ಅದೇ ಬ್ರಾಹ್ಮಣನನ್ನು ಉಡುಗೊರೆ ಕೊಟ್ಟು ಮುದಗಲ್ಲಿಗೆ ಕಳಿಸಿದ. ಹುಡುಗಿಯನ್ನು ರಾಣಿ ಮಾಡುತ್ತೇನೆ ಅಂತ ಹೇಳಿ ಕಳಿಸಿದ. ಅಪ್ಪ ಅಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ರಾಯನ ಕಡೆಯಿಂದ ಬಂದಿದ್ದ ರತ್ನದ ಕೊರಳಹಾರವನ್ನು ಮಗಳ ಕುತ್ತಿಗೆಗೆ ಹಾಕಲು ಹೋದರು. ಅದು ಕೊರಳಿಗೆ ಬಿದ್ದರೆ ಮದುವೆ ನಿಶ್ಚಯವಾದಂತೆ, ಆಮೇಲೆ ಬಿಡಿಸಿಕೊಳ್ಳುವ ಹಾಗಿಲ್ಲ. ಪರ್ತಾಲ್ ಕೊರಳನ್ನು ಹಿಂದಕ್ಕೆ ಎಳೆದುಕೊಂಡಳು. ಹಾರ ಒಲ್ಲೆ ಅಂದಳು.

ಕಾರಣವನ್ನೂ ಹೇಳಿದಳು. ವಿಜಯನಗರದ ರಾಣೀವಾಸಕ್ಕೆ ಹೋದ ಹೆಣ್ಣು ಮತ್ತೆ ತನ್ನ ತಂದೆ ತಾಯಿಯನ್ನಾಗಲಿ ಬಂಧುಗಳನ್ನಾಗಲಿ ನೋಡುವ ಹಾಗಿಲ್ಲ. ಲೋಕದ ಐಶ್ವರ್ಯಕ್ಕೆ ನೀವು ನನ್ನನ್ನು ಮಾರಲು ಸಿದ್ಧರಿರಬಹುದು, ನಿಮ್ಮನ್ನು ಬಿಟ್ಟು ಇರಲು ನಾನು ಸಿದ್ಧಳಿಲ್ಲ ಎಂಬುದು ಅವಳ ಮಾತಿನ ತಾತ್ಪರ್ಯ. ತಾನು ಒಬ್ಬ ಮುಸ್ಲಿಂ ರಾಜಕುಮಾರನ ಹೆಂಡತಿಯಾಗುತ್ತೇನೆ ಎಂದು ಒಳಮನಸ್ಸು ಹೇಳುತ್ತಿದೆ ಅಂತ ಆಮೇಲೆ ಅವಳು ಮನೆಯವರಿಗೆ ತಿಳಿಸಿದಳೆಂದೂ ಫೆರಿಷ್ತಾ ಬರೆಯುತ್ತಾನೆ. ಸುಲ್ತಾನರ ಆಸ್ಥಾನದಲ್ಲಿ ಕೂತು ಬರೆದವನು ಹಾಗೆ ಬರೆಯೋದು ಸಹಜ. ನಮಗೆ ಮುಟ್ಟಿದ್ದು ಮೊದಲ ಕಾರಣ. ಅಪ್ಪ ಅಮ್ಮನನ್ನು ನೋಡದೆ ಬದುಕಲಾರೆ. ಇಷ್ಟೇ. ಈ ಕಾರಣವೂ ಬೇಕಿರಲಿಲ್ಲ. ಕೊರಳು ಹಿಂದಕ್ಕೆ ಎಳೆದುಕೊಂಡಿದ್ದೇ ಪೂರ್ತಿ ಉತ್ತರ.

ಐದು ಸಾವಿರ ಕುದುರೆ

ಬ್ರಾಹ್ಮಣ ಉಡುಗೊರೆಗಳ ಸಮೇತ ವಾಪಸ್ ಬಂದ. ರಾಯನ ನಿದ್ದೆ ಹಾರಿತು. ಬೇಡ ಅಂದಿದ್ದರಿಂದ ಆಸೆ ಇಳಿಯಲಿಲ್ಲ, ಏರಿತು. ಇದು ನಮಗೆ ಗೊತ್ತಿರುವ ಖಾಯಿಲೆಯೇ. ಒಂದು ವಿಷಯದಲ್ಲಿ ಫೇಲಾದರೆ ಅದನ್ನೇ ಮತ್ತೆ ಕಟ್ಟಿ ಪಾಸು ಮಾಡಿಕೊಳ್ಳಬಹುದು ಅಂತ ಅಭ್ಯಾಸವಾದ ತಲೆ, ಮನುಷ್ಯರನ್ನೂ ಬ್ಯಾಕ್‌ಲಾಗ್ ಅಂದುಕೊಳ್ಳುತ್ತದೆ.

ರಾಯ ರಾಜ್ಯ ಸುತ್ತಿ ಬರುವ ನೆಪದಲ್ಲಿ ಊರು ಬಿಟ್ಟು ತುಂಗಭದ್ರೆಯ ದಡಕ್ಕೆ ಬಂದ. ಸೈನ್ಯದಿಂದ ಐದು ಸಾವಿರ ಒಳ್ಳೆಯ ಕುದುರೆ ಸವಾರರನ್ನು ಆರಿಸಿದ. ಹಗಲು ರಾತ್ರಿ ಓಡಿ ಆ ಹಳ್ಳಿಯನ್ನು ಸುತ್ತುಗಟ್ಟಿ, ಯಾರಿಗೂ ಗಾಯವಾಗದಂತೆ ಹುಡುಗಿಯನ್ನೂ ಅವಳ ಮನೆಯವರನ್ನೂ ಹಿಡಿದು ತನ್ನಿ ಅಂತ ಹೇಳಿದ. ಯಾರಿಗೂ ಗಾಯವಾಗದಂತೆ ಎಂಬ ಮಾತನ್ನು ಗಮನಿಸಿ. ಹೊತ್ತು ತರುವವನಿಗೂ ತಾನು ಒಳ್ಳೆಯವನು ಅಂತಲೇ ಅನಿಸಿರುತ್ತದೆ. ಅವಳಿಗೆ ತೊಂದರೆ ಕೊಡ್ತಿಲ್ಲ, ಬರೀ ಬಸ್‌ಸ್ಟಾಪಿನಲ್ಲಿ ನಿಂತಿರ್ತೀನಿ ಅಷ್ಟೇ ಅಂತ ನಮ್ಮ ಗೆಳೆಯನೂ ಅಂದಿದ್ದ.

ಇಲ್ಲಿ ನಮ್ಮನ್ನು ಚುಚ್ಚುವ ಇನ್ನೊಂದು ಸಂಗತಿ ಇದೆ. ರಾಯನ ಆಪ್ತರು ಬೇಡ ಅಂತ ತಡೆದರಂತೆ. ರಾಜನ ಮುಂದೆ ನಿಂತು ಬೇಡ ಅನ್ನಲು ಎಷ್ಟು ಎದೆ ಬೇಕು ಯೋಚಿಸಿ. ನಮಗೆ ಬರೀ ಒಬ್ಬ ರೂಮ್‌ಮೇಟ್ ಮುಂದೆ ಬೇಡ ಅನ್ನಲು ಆಗಲಿಲ್ಲ.

ರಾಯನ ಅವಸರ ಎಷ್ಟಿತ್ತೆಂದರೆ ಆ ಮನೆಯವರಿಗೆ ಮುಂಚಿತವಾಗಿ ಒಂದು ಸುದ್ದಿಯನ್ನೂ ಮುಟ್ಟಿಸಿರಲಿಲ್ಲ. ವಿಜಯನಗರದ ದಂಡು ಬರುತ್ತಿದೆ ಅಂತ ಸುದ್ದಿ ಹಬ್ಬಿದ ಕೂಡಲೇ ಊರವರೆಲ್ಲ ಮನೆ ಬಿಟ್ಟು ಓಡಿಹೋದರು. ಪರ್ತಾಲಳ ಮನೆಯವರೂ ಓಡಿದರು. ಐದು ಸಾವಿರ ಜನ ಬಂದು ನೋಡಿದರೆ ಹಳ್ಳಿ ಖಾಲಿ. ಬರಿಗೈಯಲ್ಲಿ ಹಿಂತಿರುಗುವ ಸಿಟ್ಟಿಗೆ ದಾರಿಯ ಹಳ್ಳಿಗಳನ್ನು ಲೂಟಿ ಮಾಡಿದರು. ಬಹಮನಿ ಕಡೆಯ ಅಧಿಕಾರಿ ದಂಡು ಕಟ್ಟಿ ಮೇಲೆ ಬಿದ್ದ. ಸುಮಾರು ಎರಡು ಸಾವಿರ ಜನ ಸತ್ತರು ಅಂತ ಫೆರಿಷ್ತಾ ಬರೆಯುತ್ತಾನೆ. ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಇರಲಿ. ಆ ಹೊಲಗಳನ್ನು ಉತ್ತಿದ್ದವರಾಗಲಿ, ಸತ್ತ ಸವಾರರಾಗಲಿ ಯಾರೂ ಪರ್ತಾಲಳನ್ನು ಪ್ರೀತಿಸಿರಲಿಲ್ಲ.

ಫಿರೋಜ್ ಶಾಹನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ದೊಡ್ಡ ಸೈನ್ಯದೊಡನೆ ವಿಜಯನಗರದ ಮೇಲೇ ಬಂದ. ಕೋಟೆಯ ಬುಡದಲ್ಲಿ ಕಾದಾಟವಾಯಿತು. ಸುಲ್ತಾನನ ಕೈಗೆ ಬಾಣ ತಗುಲಿತು, ಅವನು ಗಾಯ ಕಟ್ಟಿಕೊಂಡು ಯುದ್ಧ ಮುಂದುವರೆಸಿದ. ಒಂದು ಪಡೆ ರಾಜ್ಯದ ದಕ್ಷಿಣ ಭಾಗವನ್ನು ಸೂರೆ ಮಾಡಲು ಹೋಯಿತು, ಇನ್ನೊಂದು ಬಂಕಾಪುರ ಹಿಡಿಯಿತು. ಅರವತ್ತು ಸಾವಿರ ಜನರನ್ನು ಸೆರೆ ಹಿಡಿದು ತಂದರು ಎಂಬುದು ಫೆರಿಷ್ತಾನ ಲೆಕ್ಕ. ರಾಯ ಗುಜರಾತ್, ಮಾಳವ, ಖಾಂದೇಶಗಳ ಅರಸರ ಸಹಾಯ ಕೇಳಿದ. ಯಾರೂ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಸಂಧಿಗೆ ಒಪ್ಪಿದ.

ಮಗಳು

ಸಂಧಿಯ ಷರತ್ತುಗಳು ಹೀಗಿದ್ದವು: ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆ, ಹಾಡು ಕುಣಿತ ಬಲ್ಲ ಎರಡು ಸಾವಿರ ಹುಡುಗ ಹುಡುಗಿಯರು, ಬಂಕಾಪುರ ಕೋಟೆ. ಜೊತೆಗೆ ರಾಯ ತನ್ನ ಮಗಳನ್ನು ಸುಲ್ತಾನನಿಗೆ ಮದುವೆ ಮಾಡಿಕೊಡಬೇಕು.

ಮದುವೆ ಭರ್ಜರಿಯಾಗೇ ನಡೆಯಿತು. ನಲವತ್ತು ದಿನ ಸಂಭ್ರಮ. ಶಿಬಿರದಿಂದ ಊರಬಾಗಿಲವರೆಗೆ ದಾರಿಯ ಎರಡೂ ಬದಿ ಅಂಗಡಿ ಸಾಲು. ಸುಲ್ತಾನ ನಗರ ಪ್ರವೇಶಿಸಿದ ದಿನ ದಾರಿಗೆ ಜರತಾರಿ ಬಟ್ಟೆ, ಮಖಮಲ್ಲು ಹಾಸಿದ್ದರು. ಇಬ್ಬರು ಅರಸರೂ ಜೊತೆಯಾಗಿ ಕುದುರೆ ಮೇಲೆ ಬಂದರು. ಅವರ ಮೇಲೆ ಬೆಳ್ಳಿ ಬಂಗಾರದ ಹೂವು ಎರಚಿದರು. ಮೂರು ದಿನ ಅತಿಥಿಯಾಗಿದ್ದು ಸುಲ್ತಾನ ಹೊರಟ. ಬೀಳ್ಕೊಡಲು ಬಂದ ರಾಯ ಶಿಬಿರದವರೆಗೂ ಬಾರದೆ ಸ್ವಲ್ಪ ದೂರ ಬಂದು ತಿರುಗಿಬಿಟ್ಟ. ಸುಲ್ತಾನನಿಗೆ ಅದು ಅವಮಾನ ಅನಿಸಿತು. ಸಂಬಂಧ ಮತ್ತೆ ಕೆಟ್ಟಿತು. ಇಷ್ಟು ಖರ್ಚು ಮಾಡಿ ಕೊಂಡ ಶಾಂತಿ ಬೀಗರ ಮನೆಯ ಮುನಿಸಿನಲ್ಲಿ ಮುಗಿಯಿತು.

ಹಂಪಿಯ ಮಹಾನವಮಿ ದಿಬ್ಬದ ಮೇಲೆ ಕೂತು ನಾವು ಈ ಭಾಗವನ್ನು ಗಟ್ಟಿಯಾಗಿ ಓದಿಕೊಂಡೆವು. ನಮ್ಮ ಗೆಳೆಯ ಅಷ್ಟು ಹೊತ್ತೂ ರಾಯನ ಪರವಾಗೇ ಇದ್ದ. ಪಾಪ, ಪ್ರೀತಿಸಿದ್ದಾನೆ, ಏನು ಮಾಡಬೇಕು ಅವನು ಅಂತಿದ್ದ. ಈ ಭಾಗಕ್ಕೆ ಬಂದಾಗ ಮಾತು ನಿಲ್ಲಿಸಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: ಆ ಮಗಳನ್ನು ಯಾರಾದರೂ ಕೇಳಿದರಾ?

ಯಾರೂ ಕೇಳಲಿಲ್ಲ. ಫೆರಿಷ್ತಾ ಆನೆಗಳನ್ನು ಎಣಿಸುತ್ತಾನೆ, ಮುತ್ತನ್ನು ತೂಗುತ್ತಾನೆ, ಮಗಳ ಮನಸ್ಸಿನ ಬಗ್ಗೆ ಒಂದು ಸಾಲೂ ಇಲ್ಲ. ಪರ್ತಾಲ್ ಏನು ಹೇಳಿದ್ದಳು ನೆನಪಿಸಿಕೊಳ್ಳಿ. ಅರಮನೆ ಸೇರಿದರೆ ತಂದೆ ತಾಯಿಯ ಮುಖ ನೋಡಲಾಗುವುದಿಲ್ಲ ಅಂದಿದ್ದಳು. ರಾಯನಿಗೆ ಆ ಮಾತು ಕಿವಿಗೆ ಬೀಳಲಿಲ್ಲ. ಕೆಲವೇ ತಿಂಗಳಲ್ಲಿ ಅವನ ಸ್ವಂತ ಮಗಳು ಶತ್ರುವಿನ ಅರಮನೆಗೆ ಹೋದಳು, ಒಲ್ಲೆ ಅನ್ನುವ ಅವಕಾಶವೂ ಇಲ್ಲದೆ. ಅಕ್ಕಸಾಲಿಗನ ಮಗಳಿಗೆ ಸಿಕ್ಕಷ್ಟು ಸ್ವಾತಂತ್ರ್ಯ ರಾಜನ ಮಗಳಿಗೆ ಸಿಗಲಿಲ್ಲ. ರಾಯ ಅರ್ಧ ದಾರಿಯಲ್ಲಿ ಕುದುರೆ ತಿರುಗಿಸಿದ್ದು ಸೊಕ್ಕಿನಿಂದ ಅಂತ ಸುಲ್ತಾನ ಅಂದುಕೊಂಡ. ಮಗಳನ್ನು ಕಳಿಸಿ ಬಂದ ಅಪ್ಪನಿಗೆ ಮುಂದೆ ಹೋಗಲು ಕಾಲು ಬಂದಿರಲಿಕ್ಕಿಲ್ಲ ಅಂತ ನಮಗೆ ಅನಿಸಿತು.

ಪರ್ತಾಲಳ ಕಥೆ ಏನಾಯಿತು ಅಂದರೆ, ಸುಲ್ತಾನ ಅವಳನ್ನು ಕರೆಸಿಕೊಂಡ. ನೋಡಿದ ಮೇಲೆ ತನಗೆ ವಯಸ್ಸಾಯಿತು ಅಂತ ಮಗ ಹಸನ್ ಖಾನನಿಗೆ ಕೊಟ್ಟು ಮದುವೆ ಮಾಡಿದ; ಅವಳ ತಂದೆ ತಾಯಿಗೆ ಉಡುಗೊರೆ, ಭೂಮಿ ಕೊಟ್ಟ. ಅವಳಿಗೆ ಇದು ಇಷ್ಟವಿತ್ತು ಎನ್ನುವ ಹಾಗೆ ಫೆರಿಷ್ತಾ ಬರೆದಿದ್ದಾನೆ. ರಾಯನ ಮಟ್ಟಿಗಂತೂ ಅಲ್ಲಿಗೆ ಬಾಗಿಲು ಮುಚ್ಚಿತು. ತಾನು ಬಯಸಿದವಳು ಬೇರೆಯವನ ಮನೆ ತುಂಬಿದಳು, ಅದೂ ತನ್ನ ಮಗಳು ಸೇರಿದ ಮನೆಗೇ. ಇನ್ನು ಅವನು ಬಿಡಲೇಬೇಕಿತ್ತು.

ನೀರು

ಬಿಡುವುದು ಹೇಗೆ? ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ರಾಯ ರಾತ್ರಿಗಳನ್ನು ಹೇಗೆ ಕಳೆದ ಅಂತ ಯಾರೂ ಕಲ್ಲಿನ ಮೇಲೆ ಕೆತ್ತಿಸಲಿಲ್ಲ. ಆದರೆ ಅವನ ಆಳ್ವಿಕೆಯ ಮುಂದಿನ ವರ್ಷಗಳಲ್ಲಿ ಏನೇನು ಕಟ್ಟಿದರು ಅನ್ನೋದಕ್ಕೆ ಗುರುತುಗಳಿವೆ. ನಾವು ಎಂಜಿನಿಯರಿಂಗ್ ಮಕ್ಕಳು. ಎದೆಯೊಳಗೆ ಏನಿತ್ತು ಅನ್ನೋದಕ್ಕಿಂತ ನೆಲದ ಮೇಲೆ ಏನು ನಿಂತಿದೆ ಅನ್ನೋದು ನಮಗೆ ಬೇಗ ಅರ್ಥವಾಗುತ್ತೆ.

ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1530ರ ದಶಕದಲ್ಲಿ ವಿಜಯನಗರದಲ್ಲಿದ್ದ. ಹಳೆಯ ಅರಸರ ಕಥೆಗಳನ್ನು ಕೇಳಿ ಬರೆದಿಟ್ಟ. ಅವನು ವಿವರಿಸುವ ಒಬ್ಬ ರಾಜನನ್ನು ಇತಿಹಾಸಕಾರರು ಒಂದನೇ ದೇವರಾಯ ಅಂತ ಗುರುತಿಸುತ್ತಾರೆ. ನಗರದಲ್ಲಿ ತೋಟ ಗದ್ದೆ ಬೆಳೆಸಲು ನೀರಿರಲಿಲ್ಲ, ಇದ್ದ ನೀರು ಉಪ್ಪು. ರಾಜ ಐದು ಹರದಾರಿ ದೂರದಿಂದ, ಅಂದರೆ ಸುಮಾರು 24 ಕಿಲೋಮೀಟರಿನಿಂದ, ನದಿಯ ನೀರನ್ನು ಊರೊಳಗೆ ತರಲು ಹೊರಟ. ದೊಡ್ಡ ದೊಡ್ಡ ಬಂಡೆಗಳನ್ನು ಆನೆಗಳಿಂದ ಎಳೆಸಿ ನದಿಗೆ ಅಡ್ಡ ಹಾಕಿಸಿದ. ನೀರು ಬಂತು. ನಗರದ ಸುತ್ತ ತೋಟ, ತೋಪು, ದ್ರಾಕ್ಷಿ ಬಳ್ಳಿ, ಭತ್ತದ ಗದ್ದೆ ಎದ್ದವು. ಅದರಿಂದ ರಾಜ್ಯದ ಆದಾಯ ಮೂರೂವರೆ ಲಕ್ಷ ವರಾಹಕ್ಕಿಂತ ಹೆಚ್ಚಾಯಿತು ಅಂತ ನೂನಿಜ್ ಬರೆಯುತ್ತಾನೆ. ಈ ಕೆಲಸ 1410ರ ಸುಮಾರಿನದು.

ಅದೇ 1410ರಲ್ಲಿ ಹರಪನಹಳ್ಳಿಯ ಆಚೆ, ಹರಿಹರದಲ್ಲಿ, ಹರಿದ್ರಾ ನದಿಗೆ ಅಣೆಕಟ್ಟು ಕಟ್ಟಿಸಿದ ಶಾಸನವಿದೆ. ಖರ್ಚನ್ನೂ ನೀರು ಹರಿದ ಭೂಮಿಯನ್ನೂ ಹರಿಹರೇಶ್ವರ ದೇವಾಲಯ ಮತ್ತು ಅಲ್ಲಿನ ಬ್ರಾಹ್ಮಣರು ಪಾಲು ಮಾಡಿಕೊಂಡ ಒಪ್ಪಂದ ಅದರಲ್ಲಿದೆ. ಆ ಅಣೆ ಮುಂದೆ ಒಡೆದುಹೋಯಿತು. 1424ರಲ್ಲಿ ಮೊಮ್ಮಗನ ಕಾಲಕ್ಕೆ ಮತ್ತೆ ಕಟ್ಟಿದರು. ರಾಯನ ಮಂತ್ರಿ ಲಕ್ಷ್ಮೀಧರನ ಶಾಸನವೂ ಇದೇ ಕಾಲದ್ದು. ಹಾಲು ಕುಡಿಯುವ ವಯಸ್ಸಿನಲ್ಲೇ ಕೆರೆ ಬಾವಿ ಕಟ್ಟಿಸುವ ಮಾತನ್ನು ಅವನ ತಾಯಿ ಕಿವಿಗೆ ಹಾಕಿದಳು ಅಂತ ಹೇಳುವ ಆ ಶಾಸನವನ್ನು ಕನ್ನಡ ಪಾಠದಲ್ಲಿ ಓದಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು.

ದುಃಖವಾಯಿತು, ಅದಕ್ಕೇ ಅಣೆಕಟ್ಟು ಕಟ್ಟಿದ ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸಿನಿಮಾ ಆಗುತ್ತೆ. ನೀರಿಲ್ಲದ ನಗರಕ್ಕೆ ನೀರು ಬೇಕಿತ್ತು, ಯುದ್ಧದಲ್ಲಿ ಖಾಲಿಯಾದ ಬೊಕ್ಕಸಕ್ಕೆ ಆದಾಯ ಬೇಕಿತ್ತು, ಕಟ್ಟಿದ. ಒಲ್ಲೆ ಅಂದವಳ ಬೆನ್ನು ಹತ್ತಿದ್ದು 1406ರಲ್ಲಿ, ನದಿಗೆ ಒಡ್ಡು ಹಾಕಿದ್ದು 1410ರ ಸುಮಾರಿಗೆ. ನಡುವೆ ನಾಲ್ಕು ವರ್ಷ. ಒಂದು ಡಿಗ್ರಿ ಮುಗಿಯುವಷ್ಟು ಸಮಯ.

ಹಂಪಿಯ ಹತ್ತಿರ ತುರುತ್ತ ಕಾಲುವೆಯ ಪಕ್ಕದಲ್ಲಿ ನಿಂತು ನಾವು ನೀರು ನೋಡಿದೆವು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರುತ್ತ ಕಾಲುವೆ, ಹೀಗೆ ವಿಜಯನಗರದ ಬೇರೆ ಬೇರೆ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತೆ, ಗದ್ದೆ ಬಾಳೆ ಬೆಳೆಯುತ್ತೆ. ಆ ಕಾಲದ ಅಣೆ ನಮ್ಮ ಟಿ.ಬಿ. ಡ್ಯಾಮಿನಂಥದ್ದಲ್ಲ. ನದಿಯೊಳಗೆ ಮೊದಲೇ ಇರುವ ಬಂಡೆಗಳನ್ನು ಆಧಾರ ಮಾಡಿಕೊಂಡು, ಮಧ್ಯದ ಸಂದಿಗೆ ಕಲ್ಲು ಪೇರಿಸಿ ಕಟ್ಟಿದ ತಗ್ಗು ಒಡ್ಡು. ನದಿಯನ್ನು ಪೂರ್ತಿ ಹಿಡಿದಿಡಲು ಅದು ಹೋಗುವುದೇ ಇಲ್ಲ. ನೀರಿನ ಮಟ್ಟವನ್ನು ಕಾಲುವೆಗೆ ಬೇಕಾದಷ್ಟು ಮಾತ್ರ ಏರಿಸುತ್ತೆ. ಮಿಕ್ಕ ನೀರು ತಲೆ ಮೇಲೆ ಹಾದು ತನ್ನ ದಾರಿ ಹಿಡಿದು ಹೋಗುತ್ತೆ. ಹಾಗೆ ಹೋಗಲು ಬಿಟ್ಟಿದ್ದರಿಂದಲೇ ಆ ಒಡ್ಡು ಶತಮಾನಗಟ್ಟಲೆ ನಿಂತಿದೆ. ಸಿವಿಲ್ ಬ್ರಾಂಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆ

ರಾಯ ಆಮೇಲೆ ಸಂತನಾಗಲಿಲ್ಲ. 1417ರಲ್ಲಿ ಫಿರೋಜ್ ಶಾ ತೆಲುಗು ನಾಡಿನ ಪಾನಗಲ್ ಕೋಟೆಗೆ ಮುತ್ತಿಗೆ ಹಾಕಿದ. ಎರಡು ವರ್ಷ ಕಳೆದರೂ ಕೋಟೆ ಬೀಳಲಿಲ್ಲ, ಸೈನ್ಯಕ್ಕೆ ರೋಗ ಹತ್ತಿತು. ಆಗ ರಾಯ ಮೇಲೆ ಬಿದ್ದು ಅಳಿಯನನ್ನು ಸೋಲಿಸಿದ. ಗೆದ್ದವರ ಸೈನ್ಯ ಸೋತವರ ಊರುಗಳಲ್ಲಿ ಮಾಡಬಾರದ್ದನ್ನು ಮಾಡಿತು. ಆ ಕಾಲದ ಯುದ್ಧಗಳಲ್ಲಿ ಎರಡೂ ಕಡೆಯವರು ಹಾಗೇ ಇದ್ದರು. ಸುಮಾರು 1420ರಲ್ಲಿ ಇಟಲಿಯ ನಿಕೊಲೊ ಕಾಂತಿ ವಿಜಯನಗರಕ್ಕೆ ಬಂದು, ಬೆಟ್ಟಗಳ ಬುಡದವರೆಗೆ ಕೋಟೆಗೋಡೆ ಚಾಚಿದ, ಅರವತ್ತು ಮೈಲಿ ಸುತ್ತಳತೆಯ ನಗರ ಅಂತ ಬೆರಗಾಗಿ ಹೇಳಿದ. 1422ರಲ್ಲಿ ದೇವರಾಯ ತೀರಿಕೊಂಡ. ಅದೇ ವರ್ಷ ಫಿರೋಜ್ ಶಾ ಕೂಡ ತಮ್ಮ ಅಹಮದನಿಗೆ ಪಟ್ಟ ಬಿಟ್ಟುಕೊಟ್ಟು ಸತ್ತ. ಪರ್ತಾಲಳ ಗಂಡ ಹಸನ್ ಖಾನನಿಗೆ ಸಿಂಹಾಸನ ಸಿಗಲಿಲ್ಲ. ಅವಳಿಗಾಗಿ ಕಾದಾಡಿದವರೆಲ್ಲ ಹೋದರು.

ಈ ಬದುಕನ್ನು ಓದಿ ಮುಗಿಸಿದಾಗ ನಮಗೆ ಹೊಳೆದದ್ದು ಇಷ್ಟು. ಬಿಡುವುದು ಅಂದರೆ ಮರೆಯುವುದು ಅಂತ ನಾವು ತಿಳಿದಿದ್ದೆವು. ಮರೆಯೋದು ನಮ್ಮ ಕೈಯಲ್ಲಿಲ್ಲ. ರಾಯನ ಕೈಯಲ್ಲೂ ಇರಲಿಲ್ಲ. ಬೆನ್ನಟ್ಟದೆ ಇರೋದು ಮಾತ್ರ ಮೊದಲ ದಿನದಿಂದಲೇ ನಮ್ಮ ಕೈಯಲ್ಲಿದೆ. ನೋವು ಇದ್ದರೂ ಕುದುರೆ ಓಡಿಸದೆ ಇರಬಹುದು. ಒಲ್ಲೆ ಅನ್ನೋ ಮಾತಿಗೆ ನಮ್ಮಿಂದ ಬೇಕಾಗಿರೋದು ಮತ್ತೊಂದು ವಾದವಲ್ಲ, ದಾರಿ ಬಿಡೋದು. ರಾಯ ಅದನ್ನು ಕಲಿಯಲು ಸಾವಿರಾರು ಜನ ಬೆಲೆ ತೆತ್ತರು, ಸ್ವಂತ ಮಗಳು ತೆತ್ತಳು. ನಮಗೆ ಅಷ್ಟು ದುಬಾರಿ ಆಗಬೇಕಿಲ್ಲ.

ಇನ್ನೊಂದು ಮಾತು ಹುಡುಗನ ಗೆಳೆಯರಿಗೆ, ಅಂದರೆ ನಮಗೆ. ಪಕ್ಕದಲ್ಲಿ ಕೂರಿ. ಊಟ ಮಾಡಿಸಿ. ಅಳುತ್ತಿದ್ದರೆ ಅಳಲು ಬಿಡಿ, ಗಂಡಸು ಅಳಬಾರದು ಅಂತ ಬಾಯಿ ಮುಚ್ಚಿಸಬೇಡಿ. ರಾತ್ರಿ ಅವನ ಮಾತು ತೀರಾ ಕತ್ತಲಾದರೆ ಒಬ್ಬನನ್ನೇ ಬಿಡಬೇಡಿ. ಮನೆಯವರಿಗೋ ಕಾಲೇಜಿನ ಕೌನ್ಸೆಲರಿಗೋ ತಿಳಿಸಿ. ಆದರೆ ಅವಳ ಬಸ್ಸಿನ ಟೈಮ್ ಮಾತ್ರ ಹುಡುಕಿ ಕೊಡಬೇಡಿ.

ಹಂಪಿಯಿಂದ ವಾಪಸ್ ಕಾನಹೊಸಹಳ್ಳಿಗೆ ಬಂದಾಗ ಕತ್ತಲಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಮಿರ್ಚಿ ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರಿತ್ತು, ಹಾಗಾಗಿ ಯಾರದು ಯಾವುದಕ್ಕೆ ಅಂತ ಯಾರೂ ಕೇಳಲಿಲ್ಲ. ಅವನು ಫೋನಿನ ಹಿಂದಿನ ಕವರ್ ತೆಗೆದು ಆ ಎರಡನೇ ಸಿಮ್ಮನ್ನು ನಮ್ಮ ಕೈಗೆ ಕೊಟ್ಟ. ಫೋಟೋ ಅಳಿಸಿಲ್ಲ, ಅದು ಆಗ್ತಿಲ್ಲ, ಇದನ್ನು ಮಾತ್ರ ಇಟ್ಕೊಳ್ಳಿ ಅಂದ. ಅಷ್ಟು ಸಾಕು ಅಂದೆವು.

ಇದೆಲ್ಲ ಆಗಿ ಐದು ತಿಂಗಳಾಯಿತು. ಅವನಿಗೆ ಪೂರ್ತಿ ವಾಸಿಯಾಗಿದೆ ಅಂತ ಸುಳ್ಳು ಹೇಳುವುದಿಲ್ಲ. ಕೆಲವು ಹಾಡು ಬಂದರೆ ಈಗಲೂ ಎದ್ದು ಹೊರಗೆ ಹೋಗುತ್ತಾನೆ. ಆದರೆ ಅವಳು ಈಗ ಬಂದ ಬಸ್ಸನ್ನು ಹತ್ತುತ್ತಾಳೆ. ಸಿಮ್ ನಮ್ಮ ಡ್ರಾಫ್ಟರ್ ಚೀಲದಲ್ಲಿದೆ. ಅವನು ಒಂದು ಸಲವೂ ವಾಪಸ್ ಕೇಳಿಲ್ಲ.